ಹತ್ತನೆಯ ಪ್ರಶ್ನೆ

ಸ್ನಾತಕೋತ್ತರ ತರಗತಿಗೆ ಮಾರ್ಕೆಟಿಂಗ್ ಕಲಿಸುವಾಗ ನನ್ನ ನಿಯಮಗಳು ಕೆಲವೇ ಇದ್ದವು, ಸಡಿಲ ಮಾತ್ರ ಇರಲಿಲ್ಲ. ಹತ್ತು ಗಂಟೆಗೆ ಬಾಗಿಲು ಮುಚ್ಚುತ್ತಿದ್ದೆ. ಮಾರುಕಟ್ಟೆ ಸಮೀಕ್ಷೆಗೆ ಹೋದರೆ ಇಪ್ಪತ್ತೂ ಪ್ರಶ್ನೆಗಳನ್ನು ಅಚ್ಚಾದ ಕ್ರಮದಲ್ಲೇ, ಗಟ್ಟಿಯಾಗಿ ಓದಬೇಕು. ಒಂದು ಖಾಲಿ ಬಿಟ್ಟರೂ ಸೊನ್ನೆ. ಸೊನ್ನೆ ಬಂದವರು ಕೊನೆಯ ಪರೀಕ್ಷೆಗೆ ಕೂರುವಂತಿರಲಿಲ್ಲ.

ಆ ವರ್ಷ ವಿದ್ಯಾರ್ಥಿಗಳನ್ನು ಕಲಬುರಗಿಯಿಂದ ಬಸ್ಸಿನಲ್ಲಿ ಕಮಲಾಪುರಕ್ಕೆ ಕರೆದೊಯ್ದೆ. ರಸ್ತೆ ಬದಿ ಕೆಂಪು ಬಾಳೆಹಣ್ಣು ಮಾರುವವರಿಂದ ಉತ್ತರ ಪಡೆಯುವುದು ಕೆಲಸ. ಹಣ್ಣು ಕೊಳ್ಳಬಾರದು, ಹರಟಬಾರದು ಎಂದು ತಾಕೀತು ಮಾಡಿ, ಎದುರಿನ ಚಹಾದಂಗಡಿಯಲ್ಲಿ ಗಡಿಯಾರ ನೋಡುತ್ತ ಕುಳಿತೆ.

ವಿದ್ಯಾರ್ಥಿಗಳಲ್ಲೊಬ್ಬಳು, ಕೋಟನೂರಿನ ಹುಡುಗಿ, ಒಬ್ಬ ವ್ಯಾಪಾರಿಯ ಮುಂದೆ ನಿಂತಿದ್ದಳು. ಪಕ್ಕದಲ್ಲೇ ಕಾರಿನಿಂದಿಳಿದ ಗಂಡ ಹೆಂಡತಿ ಒಂದು ಗೊನೆ ಆರಿಸಿ ಚೌಕಾಸಿ ನಡೆಸಿದ್ದರು. ಅವಳು ಹತ್ತನೆಯದನ್ನು ಓದಿದಳು: "ನೀವು ಕಾಯಿಗಳನ್ನು ರಾಸಾಯನಿಕ ಪುಡಿ ಹಾಕಿ ಮಾಗಿಸುತ್ತೀರಾ?"

ಗಂಡ ಹೆಂಡತಿ ಗೊನೆ ಕೆಳಗಿಟ್ಟು ಕಾರು ಹತ್ತಿದರು.

"ಏ, ಯಾರ್ ಕಳಿಸ್ಯಾರ ನಿನಗ? ಬಾಜೂ ಅಂಗಡಿಯಾವ ಏನ?"

"ಇಲ್ರೀ ಕಾಕಾ, ಹಾಳ್ಯಾಗ ಅದ. ಹೌದೋ ಅಲ್ಲೋ ಅಷ್ಟ ಹೇಳ್ರೀ. ಬಿಟ್ರ ಸೊನ್ನಿ ಹಾಕ್ತಾರ."

"ನಡಿ ಇಲ್ಲಿಂದ."

ಅವಳು ಮತ್ತೆ ಓದಿದಳು, ಇನ್ನಷ್ಟು ಗಟ್ಟಿಯಾಗಿ. ಅವನು ಕುಡಗೋಲಿನ ಹಿಡಿಯಿಂದ ಬೀಸಿ ಹೊಡೆದ. ಹಣೆ ಸೀಳಿ, ರಕ್ತ ಹುಬ್ಬಿನ ಮೇಲಿಂದ ಹಾಳೆಗೆ ಇಳಿಯಿತು.

ನಾನು ರಸ್ತೆ ದಾಟಿ ಓಡಿದೆ. ಅವನ ಕೆನ್ನೆಗೆ ಮೊದಲ ಏಟು ನನ್ನದು. ಹುಡುಗರು ಅದನ್ನೇ ಅಪ್ಪಣೆ ಎಂದುಕೊಂಡರು. ಅವನನ್ನು ಹಣ್ಣಿನ ರಾಶಿಯ ಮೇಲೆ ಕೆಡವಿ ಒದ್ದರು. ಬೂಟಿನಡಿ ಹಣ್ಣು ಪಚಪಚ ಒಡೆದವು. ಅವನ ತುಟಿ ಹರಿಯಿತು. ಸಾಕು ಎನ್ನಬೇಕಾದವನು ನಾನು. ಅಂದವಳು ಆ ಹುಡುಗಿ. ದುಪಟ್ಟಾ ಹಣೆಗೊತ್ತಿಕೊಂಡೇ ಅವರ ಅಂಗಿ ಹಿಡಿದೆಳೆದಳು.

"ಬಿಡ್ರೋ, ಅವರ್ನ ಹೊಡೀಬ್ಯಾಡ್ರಿ. ಸರ್, ಇನ್ನ ಹತ್ತು ಪ್ರಶ್ನಿ ಉಳಿದಾವ್ರೀ."

ಅವನು ರಕ್ತ ಉಗುಳಿ ಕೇಳಿದ: "ಯಾರ್ ಬರದಾರ್ರೀ ಇದನ್ನ?"

"ನಾನು."

"ಮತ್ತ ನೀವ ಕೇಳಬೇಕಿತ್ತು. ನಿಮ್ಮನ್ನ ಹೊಡೀತಿದ್ದೆ."

ದವಾಖಾನೆಯಲ್ಲಿ ಹುಡುಗಿಗೆ ಮೂರು ಹೊಲಿಗೆ ಬಿದ್ದವು. ಸೋಮವಾರ, ಹತ್ತಕ್ಕೆ ಐದು ನಿಮಿಷವಿರುವಾಗ, ಹಾಳೆ ತಂದುಕೊಟ್ಟಳು. ಹನ್ನೊಂದರಿಂದ ಇಪ್ಪತ್ತರವರೆಗೆ ಖಾಲಿ. ಹತ್ತರ ಎದುರು ಬರೆದಿದ್ದಳು: 'ಉತ್ತರ: ಹೊಡೆದರು.'

"ಸೊನ್ನಿ ಏನ್ರೀ ಸರ್?"

ಪೂರ್ಣ ಅಂಕ ಹಾಕಿದೆ. ಅವಳು ಹೋಗಲಿಲ್ಲ.

"ಮತ್ತ ಆ ಕಾಕಾಗ, ಸರ್?"

ಶನಿವಾರ ಏಳರ ಬಸ್ಸಿಗೆ ಕಮಲಾಪುರಕ್ಕೆ ಹೋದೆ. ಅವನ ತುಟಿ ಇನ್ನೂ ಬಾತಿತ್ತು. ಮುಂದೆ ನಾಲ್ಕೈದು ಗಿರಾಕಿಗಳಿದ್ದರು. ಕುಡಗೋಲನ್ನು ಗೋಣಿಚೀಲದ ಕೆಳಗೆ ಸರಿಸಿ, "ಹುಡುಗಿ ಹಣಿ ಹೆಂಗದ?" ಎಂದ.

"ಗಾಯ ಮಾಯಾಕತ್ತದ. ನಾ ಮಾಫಿ ಕೇಳಾಕ ಬಂದೀನ್ರೀ," ಎಂದೆ ಮೆಲ್ಲಗೆ.

"ಗಟ್ಟಿಯಾಗಿ ಹೇಳ್ರಿ. ಗಿರಾಕಿ ಕೇಳ್ಲಿ."

ಗಟ್ಟಿಯಾಗಿ ಹೇಳಿದೆ.