ಎದುರಾಳಿಯನ್ನು ಚೇಣಿ ಹಿಡಿದ ಕೊಟ್ರಬಸಪ್ಪ

ಚನ್ನಗಿರಿಯ ಕೊಟ್ರಬಸಪ್ಪನವರು ತಮ್ಮ ಅರವತ್ತೊಂದು ವರ್ಷದ ಬದುಕಿನಲ್ಲಿ ಒಮ್ಮೆಯೂ ಫುಟ್‌ಬಾಲ್ ಒದ್ದವರಲ್ಲ. ಚೆಂಡು ಅವರಿಗೆ ತಾಗಿದ್ದು ಒಂದೇ ಸಲ, ಅದೂ ಬೆನ್ನಿಗೆ, ಗೆರೆಯಾಚೆ ನಿಂತು ರೆಫರಿಗೆ ಬೈಯುತ್ತಿದ್ದಾಗ. ಆದರೂ ಊರಿನ ಉದಯರವಿ ಫುಟ್‌ಬಾಲ್ ಕ್ಲಬ್ಬಿಗೆ ಅವರಷ್ಟು ಹುಚ್ಚು ಅಭಿಮಾನಿ ಇನ್ನೊಬ್ಬರಿಲ್ಲ. ಇಪ್ಪತ್ತರ ಹರೆಯದಲ್ಲಿ ಅಡಿಕೆ ಲೋಡಿನ ಜೊತೆ ಭದ್ರಾವತಿಗೆ ಹೋಗಿದ್ದಾಗ ಲಾರಿ ಕೆಟ್ಟು ನಿಂತಿತು. ಹೊತ್ತು ಹೋಗಲೆಂದು ಅಲ್ಲೊಂದು ಪಂದ್ಯ ನೋಡಿದರು. ಸಂಜೆಗೆ ಲಾರಿ ರಿಪೇರಿಯಾಯಿತು, ಇವರು ಇವತ್ತಿಗೂ ಆಗಿಲ್ಲ.

ಹೊಟ್ಟೆಪಾಡಿಗೆ ಅವರದು ಚೇಣಿ ವ್ಯಾಪಾರ. ಅಡಿಕೆ ಇನ್ನೂ ಮರದಲ್ಲಿರುವಾಗಲೇ ತೋಟ ನೋಡಿ, ಗೊನೆ ಅಂದಾಜು ಮಾಡಿ, ವರ್ಷದ ಫಸಲಿಗೆ ಮೊದಲೇ ದುಡ್ಡು ಕೊಟ್ಟುಬಿಡುವುದು. ಆಮೇಲೆ ಕಾವಲು, ಕೊಯ್ಲು, ಲಾಭ, ಲುಕ್ಸಾನು ಎಲ್ಲ ಚೇಣಿದಾರನದೇ. ತ್ಯಾವಣಿಗೆಯಿಂದ ಕತ್ತಲಗೆರೆವರೆಗೆ ಯಾವ ತೋಟ ಎಷ್ಟು ಕ್ವಿಂಟಲ್ ಅಂತ ಅವರು ರಸ್ತೆಯಲ್ಲಿ ಬೈಕ್ ನಿಲ್ಲಿಸದೆಯೇ ಹೇಳಬಲ್ಲರು. ಉದಯರವಿ ಎಷ್ಟು ಗೋಲು ಹೊಡೆಯುತ್ತದೆ ಅನ್ನುವ ಅಂದಾಜು ಮಾತ್ರ ಪ್ರತಿ ವರ್ಷ ತಲೆಕೆಳಗಾಗುತ್ತದೆ.

ಇಂಥವರ ಮಗ ವಿನಯ್ ಕುಮಾರ್, ಅಷ್ಟು ಊರು ಬಿಟ್ಟು, ಹೊನ್ನಾಳಿಯ ಸಂಧ್ಯಾರಾಣಿಯನ್ನು ಮದುವೆಯಾದ. ಸೊಸೆ ಬಂಗಾರದಂಥವಳು. ಕಷ್ಟ ಇದ್ದದ್ದು ಅವಳ ತಾಯಿ ಕಸ್ತೂರಮ್ಮನವರದು. ಪತ್ತಿನ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತರಾದ ಈ ಬೀಗತಿ ಹೊನ್ನಾಳಿಯ ತುಂಗಾತರಂಗ ಕ್ಲಬ್ಬಿನ ಖಜಾಂಚಿ. ತುಂಗಾತರಂಗ ಅಂದರೆ ಉದಯರವಿಯ ಬದ್ಧವೈರಿ. ಪ್ರತಿ ಜನವರಿ ಎರಡೂ ತಂಡ ನ್ಯಾಮತಿಯ ಮೈದಾನದಲ್ಲಿ ಎದುರಾಗುತ್ತವೆ, ಯಾಕೆಂದರೆ ಒಬ್ಬರ ಊರಿನ ರೆಫರಿಯನ್ನು ಇನ್ನೊಬ್ಬರು ನಂಬುವುದಿಲ್ಲ. ಕಳೆದ ವರ್ಷದವರೆಗೆ ಸತತ ಏಳು ಸಲ ಉದಯರವಿ ಸೋತಿತ್ತು. ಏಳೂ ಸಲ ಕೊಟ್ರಬಸಪ್ಪನವರು ಊಟ ಬಿಟ್ಟು ಮಲಗಿದ್ದರು. ಸಾಯುವುದರೊಳಗೆ ಒಂದು ಸಲ, ಒಂದೇ ಸಲ, ತುಂಗಾತರಂಗ ಸೋಲುವುದನ್ನು ಕಣ್ತುಂಬ ನೋಡಬೇಕು ಅನ್ನುವುದು ಅವರ ಬದುಕಿನ ದೊಡ್ಡ ಆಸೆ.

ಕಳೆದ ವರ್ಷ ದಸರೆಯ ಹೊತ್ತಿಗೆ ಸಂಧ್ಯಾರಾಣಿ ಬಾಣಂತನಕ್ಕೆ ತವರಿನಲ್ಲಿದ್ದಳು. ಮೊಮ್ಮಗನನ್ನು ನೋಡುವ ನೆಪದಲ್ಲಿ ಇವರು ಭಾನುವಾರಕ್ಕೊಮ್ಮೆ ಹೊನ್ನಾಳಿಗೆ ಹೋಗುತ್ತಿದ್ದರು. ಕೂಸಿನ ಕೆನ್ನೆ ಮುಟ್ಟಿದ ಶಾಸ್ತ್ರ ಮಾಡಿ ನೇರ ಪಡಸಾಲೆಗೆ ಬಂದು ಕೂತರೆ, ಮಂಡಕ್ಕಿ ಮೆಣಸಿನಕಾಯಿಯ ತಟ್ಟೆ ಮುಂದಿಟ್ಟುಕೊಂಡು ಬೀಗರಿಬ್ಬರ ವಾದ ಶುರು. ಆ ಭಾನುವಾರ ಅವರು ಹೊಸ್ತಿಲು ದಾಟುವ ಮೊದಲೇ ಹಲ್ಲು ಕಿಸಿಯುತ್ತಿದ್ದರು.

"ಅಕ್ಕಾರೆ, ನಿಮ್ಮ ಕ್ಲಬ್ಬು ಬಾಗ್ಲು ಹಾಕ್ತೈತಂತೆ, ಹೌದೇನ್ರೀ?"

"ಯಾರು ಹೇಳಿದ್ರು?"

"ಚನ್ನಗಿರಿ ಬಸ್‌ಸ್ಟ್ಯಾಂಡಿನಾಗೆ ಕಡ್ಲೆಕಾಯಿ ಮಾರೋರಿಗೂ ಗೊತ್ತೈತೆ. ಬೂಟಿನ ಅಂಗಡಿಗೆ ಬಾಕಿ, ಬಸ್ಸಿನೋನಿಗೆ ಬಾಕಿ, ಶಾಮಿಯಾನದೋನಿಗೆ ಮೂರು ವರ್ಷದ ಬಾಕಿ. ಜರ್ಸಿ ಮ್ಯಾಲೆ ಹೆಸರು ಹಾಕಿಸಿದ್ದ ಗೊಬ್ಬರದ ಅಂಗಡಿಯೋರೂ ಕೈ ಎತ್ತಿದ್ರಂತೆ."

ಕಸ್ತೂರಮ್ಮ ಕನ್ನಡಕ ಸರಿಮಾಡಿಕೊಂಡರು. "ಎರಡು ಲಕ್ಷದ ಹತ್ತು ಸಾವಿರ ಸಾಲ ಐತೆ. ಮುಚ್ಚಿಡಾಕೆ ಏನೈತೆ? ಈ ಸಲ ನ್ಯಾಮತಿ ಪಂದ್ಯದ ಗೇಟ್ ಕಲೆಕ್ಷನ್ ತಗಳ್ಳೋ ಪಾಳಿ ನಮ್ಮದು. ಅಲ್ಲಿತನಕ ತಳ್ಳಿದ್ರೆ ಬದುಕ್ತೀವಿ."

"ಹೆಂಗೆ ತಳ್ಳಾಕೆ ಆಗ್ತೈತ್ರೀ? ನಿಮ್ಮದು ಆಡಳಿತನಾ ಅದು? ಕಪ್ ಗೆದ್ದಾಗೆಲ್ಲಾ ಊರಿಗೆ ಊಟ ಹಾಕಿಸ್ತೀರಿ. ನಮ್ಮ ಉದಯರವಿ ನೋಡ್ರಿ, ಒಂದು ಪೈಸೆ ಸಾಲ ಇಲ್ಲ."

"ಗೆದ್ರಲ್ವೇ ಊಟ ಹಾಕಿಸೋದು!"

ಕೊಟ್ರಬಸಪ್ಪನವರ ಬಾಯಲ್ಲಿದ್ದ ಮೆಣಸಿನಕಾಯಿ ಆಗ ಖಾರವೆನಿಸಿತು. "ಆಯ್ತು, ನಗ್ರಿ. ಯುಗಾದಿ ಹೊತ್ತಿಗೆ ನಿಮ್ಮ ಕ್ಲಬ್ಬಿನ ಬೋರ್ಡೂ ಇರಲ್ಲ."

"ಬ್ಯಾಡ ಬಿಡ್ರಿ ಬೀಗ್ರೆ, ನನಗೇನು ಬ್ಯಾಸರಿಲ್ಲ," ಅಂದರು ಕಸ್ತೂರಮ್ಮ, ತಟ್ಟೆಗೆ ಇನ್ನೊಂದು ಮುಷ್ಟಿ ಮಂಡಕ್ಕಿ ಸುರಿಯುತ್ತಾ. "ಮುಚ್ಚಿದ್ರೆ ಏಳು ವರ್ಷ ಗೆದ್ದೇ ಮುಚ್ತೈತೆ. ಇನ್ನು ತುಂಗಾತರಂಗನ ಸೋಲ್ಸಾಕೆ ನಿಮ್ಮ ಕೈಲೂ ಆಗಲ್ಲ, ಒಳಗೆ ಮಲಗೈತಲ್ಲ ಕೂಸು, ಅದರ ಕೈಲೂ ಆಗಲ್ಲ."

ಇದನ್ನು ಕೊಟ್ರಬಸಪ್ಪನವರು ಯೋಚಿಸಿರಲೇ ಇಲ್ಲ! ವೈರಿ ಸತ್ತರೆ ಸೋಲಿಸುವುದು ಯಾರನ್ನು? ಜಗಳೂರಿನ ತಂಡವನ್ನು ಸೋಲಿಸಿದರೆ ಜಗಳೂರಿನವರೇ ಚಪ್ಪಾಳೆ ತಟ್ಟಿ, ಟೀ ಕುಡಿಸಿ ಕಳಿಸುತ್ತಾರೆ. ಅಂಥ ಗೆಲುವು ಯಾರಿಗೆ ಬೇಕು! ಆ ವಾರವಿಡೀ ಅವರಿಗೆ ಅನ್ನ ಸೇರಲಿಲ್ಲ. ಗೊನೆ ನೋಡಲು ಹೋದ ತೋಟದಲ್ಲಿ ಎಣಿಕೆ ತಪ್ಪಿ ಮೂರು ಸಲ ಮೊದಲಿನಿಂದ ಶುರುಮಾಡಿದರು. ಮೂರನೇ ಸಲ ತಲೆಯೆತ್ತಿ ನಿಂತಾಗಲೇ ಉಪಾಯ ಹೊಳೆದದ್ದು. ಅಷ್ಟು ಖುಷಿಯಾಯಿತೆಂದರೆ ತೋಟದವನನ್ನೇ ತಬ್ಬಿಕೊಂಡರು.

ಮುಂದಿನ ಭಾನುವಾರ ಪಡಸಾಲೆಯಲ್ಲಿ ಎದೆಯುಬ್ಬಿಸಿ ಕೂತು ಹೇಳಿದರು: "ಅಕ್ಕಾರೆ, ನಿಮ್ಮ ಕ್ಲಬ್ಬನ್ನ ಒಂದು ವರ್ಷಕ್ಕೆ ನಂಗೆ ಚೇಣಿ ಕೊಡ್ರಿ."

ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಸಂಧ್ಯಾರಾಣಿ ಕಿಸಕ್ಕನೆ ನಕ್ಕಳು. ಕಸ್ತೂರಮ್ಮ ನಗಲಿಲ್ಲ. ಪತ್ತಿನ ಸಂಘದ ಹೆಂಗಸು, ದುಡ್ಡಿನ ಮಾತು ಬಂದರೆ ಮುಖ ಗಂಭೀರವಾಗಿಬಿಡುತ್ತದೆ.

"ಸಾಲ ಪೂರ್ತಿ ಕಟ್ತೀರಾ?"

"ಕಟ್ತೀನಿ. ಗೇಟ್ ಕಲೆಕ್ಷನ್ ನಂದು."

"ನೀರು, ಗೊಬ್ಬರ?"

"ಅದು ತೋಟದೋರದು. ಪದ್ಧತಿ ಹಂಗೇ ಐತೆ."

"ತೋಟದೋರ ಕೈಲಿ ಕಾಸಿಲ್ಲ ಬೀಗ್ರೆ. ಹುಡುಗ್ರ ಮೊಟ್ಟೆ, ಬಾಳೆಹಣ್ಣು, ಬಸ್ಸಿನ ಖರ್ಚು ನಿಮ್ಮದೇ. ಯಾರು ಆಡ್ಬೇಕು, ಯಾರು ಬಿಡ್ಬೇಕು ಅನ್ನೋದಕ್ಕೆ ಮಾತ್ರ ನೀವು ಬಾಯಿ ಹಾಕಂಗಿಲ್ಲ."

"ಬಾಯಿ ಹಾಕಿದ್ರೆ ಕೇಳ್ರಿ," ಅಂದರು ಕೊಟ್ರಬಸಪ್ಪ. ಛಾಪಾ ಕಾಗದದ ಮೇಲೆ ಇಬ್ಬರೂ ಸಹಿ ಹಾಕಿದರು. ಹೆಂಡತಿಗೆ ಏನು ಹೇಳುವುದೆಂದು ತಿಳಿಯದೆ, ಹೊನ್ನಾಳಿಯಲ್ಲಿ ಸಣ್ಣದೊಂದು ತೋಟ ಹಿಡಿದಿದ್ದೇನೆ ಎಂದರು.

ಈಗ ಚೇಣಿ ಹಿಡಿದವನ ಕಾಲು ಮನೆಯಲ್ಲಿ ನಿಲ್ಲುವುದುಂಟೇ? ಕಾಯಿ ಉದುರಿತೋ, ಮಂಗ ಬಂತೋ ಎಂದು ದಿನಕ್ಕೊಮ್ಮೆ ಹೋಗಿ ನೋಡುವುದು ಅವರ ಮೂವತ್ತೈದು ವರ್ಷದ ಅಭ್ಯಾಸ. ವಾರಕ್ಕೆ ಮೂರು ದಿನ ಸಂಜೆ ಹೊನ್ನಾಳಿಯ ಹೊಳೆದಂಡೆಯ ಮೈದಾನದಲ್ಲಿ ಹಾಜರಾದರು. ಮೊಟ್ಟೆ ಎಣಿಸಿ ಕೊಟ್ಟರು. ಒಬ್ಬನ ಮೊಣಕಾಲು ಊದಿದ್ದಕ್ಕೆ ತಾವೇ ಎಣ್ಣೆ ತಿಕ್ಕಿದರು. ಗೋಲ್‌ಕೀಪರ್ ಮೂಕಪ್ಪ ಲಗೇಜ್ ಆಟೊ ಓಡಿಸುವ ಬಡಕಲು ಹುಡುಗ. ಅವನ ಗ್ಲೌಸಿನಿಂದ ಬೆರಳು ಹೊರಗೆ ಇಣುಕುತ್ತಿದ್ದುದನ್ನು ನೋಡಿ ಶಿವಮೊಗ್ಗದಿಂದ ಹೊಸ ಜೋಡಿ ತಂದುಕೊಟ್ಟರು. ಬಡಕಲು ವೈರಿಯನ್ನು ಸೋಲಿಸಿದರೆ ಏನು ಮಜಾ, ಗಟ್ಟಿಮಾಡಿಯೇ ಸೋಲಿಸೋಣ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಚನ್ನಗಿರಿಯ ಗೆಳೆಯರಿಗೂ ಅದನ್ನೇ ಹೇಳಿದರು. ಅವರು ನಂಬಿದ ಹಾಗೆ ಮಾಡಿದರು.

ಜನವರಿಯ ಆ ಭಾನುವಾರ ನ್ಯಾಮತಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೇಣಿ ವಿಷಯ ಊರೂರಿಗೆ ಹಬ್ಬಿ, ಫುಟ್‌ಬಾಲ್ ಗೊತ್ತಿಲ್ಲದವರೂ ಕೊಟ್ರಬಸಪ್ಪನವರನ್ನು ನೋಡಲೆಂದೇ ಟಿಕೆಟ್ ಕೊಂಡಿದ್ದರು. ಅರ್ಧ ಪಂದ್ಯ ಮುಗಿಯುವಷ್ಟರಲ್ಲಿ ಕಸ್ತೂರಮ್ಮ ಟಿಕೆಟ್ ಪುಸ್ತಕ ತಿರುವಿ, "ಬೀಗ್ರೆ, ನಿಮ್ಮ ಅಸಲು ಬಂತು, ಮ್ಯಾಲೆ ಇಪ್ಪತ್ತು ಸಾವಿರ ಲಾಭನೂ ಬಂತು. ಕ್ಲಬ್ಬು ಉಳೀತು," ಎಂದರು. ಕೊಟ್ರಬಸಪ್ಪನವರಿಗೆ ದುಡ್ಡಿನ ಮೇಲೆ ಗಮನವೇ ಇರಲಿಲ್ಲ. ಉದಯರವಿಯ ಜರ್ಸಿ ತೊಟ್ಟು ಉದಯರವಿಯವರ ನಡುವೆ ಗೋಲಿನ ಹಿಂದೆಯೇ ನಿಂತಿದ್ದರು. ಒಂದೊಂದು ಗೋಲಿನ ಸಮ. ಇನ್ನು ಎರಡು ನಿಮಿಷ. ಆಗ ಉದಯರವಿಗೆ ಪೆನಾಲ್ಟಿ ಸಿಕ್ಕಿತು!

ಚನ್ನಗಿರಿಯವರೆಲ್ಲ ಕುಣಿದರು. ಚೆಂಡಿನ ಮುಂದೆ ಬಂದು ನಿಂತವನು ಶರಣು. ಅವನು ಪೆನಾಲ್ಟಿಯನ್ನು ಯಾವಾಗಲೂ ಕೀಪರನ ಎಡಗೈ ಮೂಲೆಗೇ ಒದೆಯುತ್ತಾನೆ. ಇದು ಗೊತ್ತಿದ್ದದ್ದು ಶರಣುವಿಗೆ, ಮತ್ತು ಅವನ ಒಂದು ಪಂದ್ಯವನ್ನೂ ಬಿಡದೆ ನೋಡಿದ್ದ ಕೊಟ್ರಬಸಪ್ಪನವರಿಗೆ. ಏಳು ವರ್ಷದ ಹಸಿವು ಇನ್ನೊಂದು ಒದೆತಕ್ಕೆ ತೀರುತ್ತಿತ್ತು. ಕೊಟ್ರಬಸಪ್ಪನವರು ಶರಣುವಿಗೆ ಜೈ ಅನ್ನಲು ಬಾಯಿ ತೆರೆದರು. ಎದುರಿಗೇ ಮೂಕಪ್ಪನ ಬೆನ್ನು. ಹುಡುಗ ಹೊಸ ಗ್ಲೌಸಿನ ಕೈಗಳನ್ನು ಒರೆಸಿಕೊಳ್ಳಲು ಜಾಗ ಹುಡುಕುತ್ತಿದ್ದ. ಶರಣು ಓಡಿಬಂದು ಕಾಲೆತ್ತಿದ, ಕೊಟ್ರಬಸಪ್ಪನವರ ತೆರೆದ ಬಾಯಿಂದ ಹೊರಟದ್ದು ಜೈ ಅಲ್ಲ.

"ಮೂಕಾ, ಎಡಕ್ಕೆ ಬೀಳೋ!"

ತೋಟದ ಈ ತುದಿಯಿಂದ ಆ ತುದಿಗೆ ಆಳುಗಳನ್ನು ಕೂಗಿ ಪಳಗಿದ ಗಂಟಲು. ಮೈದಾನವಿಡೀ ಕೇಳಿಸಿತು. ಮೂಕಪ್ಪ ಎಡಕ್ಕೆ ಬಿದ್ದ, ಚೆಂಡು ಬಂದು ಎದೆಗೆ ಅಪ್ಪಳಿಸಿತು. ಅವನು ಎದ್ದವನೇ ಉದ್ದಕ್ಕೆ ಒದ್ದ. ಉದಯರವಿಯ ಆಟಗಾರರೆಲ್ಲ, ಕೀಪರನೂ ಸೇರಿ, ಪೆನಾಲ್ಟಿ ನೋಡಲು ಈಚೆ ಬಂದಿದ್ದರಿಂದ ಆಚೆ ಕಡೆ ತಡೆಯುವವರೇ ಇರಲಿಲ್ಲ. ಹೊನ್ನಾಳಿಯ ಹುಡುಗನೊಬ್ಬ ಚೆಂಡನ್ನು ತಳ್ಳಿಕೊಂಡೇ ಹೋಗಿ ಗೋಲಿನೊಳಗೆ ಬಿಟ್ಟ. ರೆಫರಿ ಸೀಟಿ ಊದಿದ. ಎಂಟನೇ ವರ್ಷ.

ಕೊಟ್ರಬಸಪ್ಪನವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅಯ್ಯೋ, ಕೈಯಾರೆ ಸೋತೆನಲ್ಲ ಎಂದು ಅಳು ಬರುತ್ತಿತ್ತು. ಅದರ ಹಿಂದೆಯೇ, ಎಷ್ಟು ಒತ್ತಿದರೂ ನಿಲ್ಲದ ಹಾಗೆ, ಗಂಟಲಿನಿಂದ ನಗುವೂ ಉಕ್ಕಿಬರುತ್ತಿತ್ತು. ಅಷ್ಟರಲ್ಲಿ ಮೂಕಪ್ಪ, ಎತ್ತಿಕೊಳ್ಳಲು ಬಂದ ತನ್ನ ತಂಡದವರನ್ನೆಲ್ಲ ಬಿಟ್ಟು, ಗೆರೆ ದಾಟಿ ಓಡಿಬಂದು ಅವರ ಕಾಲಿಗೆ ಬಿದ್ದ.

"ಏಳೋ ಮಾರಾಯ, ಕಾಲು ಬಿಡೋ," ಕೊಟ್ರಬಸಪ್ಪನವರು ಬಗ್ಗಿ ಅವನ ಬೆನ್ನು ಸವರುತ್ತಾ ಪಿಸುಗುಟ್ಟಿದರು, "ನಮ್ಮೋರು ನೋಡ್ತಾರೆ!"