ಕಪ್ಪೆ ಮೊಟ್ಟೆ, ಅತ್ತಿಗೆಯ ಬಸಿರು

ಕಪ್ಪೆಯ ಮೊಟ್ಟೆಯಲ್ಲಿ ಬೆನ್ನು ಮೂಡುವುದನ್ನು ನೋಡಲು ಒಂದು ಹಗಲು ಸಾಕು. ನಸುಕಿನಲ್ಲಿ ಗದ್ದೆಯಿಂದ ತಂದಿಟ್ಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅದರ ಹಣೆಬರಹ ಗೊತ್ತಾಗಿರುತ್ತದೆ. ಮನುಷ್ಯರ ಕೂಸಿನಲ್ಲಿ ಅದೇ ಕೆಲಸಕ್ಕೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಎಷ್ಟೋ ಸಲ ತಾಯಿಗೆ ತಾನು ಬಸುರಿ ಎಂದು ಖಚಿತವಾಗುವ ಮೊದಲೇ ಅದು ಮುಗಿದುಹೋಗಿರುತ್ತದೆ. ತೊಂಬತ್ತರ ದಶಕದ ನಡುವಿನ ಆ ವರ್ಷ ಈ ಎರಡೂ ಸಂಗತಿಗಳು ನಮ್ಮ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿದ್ದವು. ಅಪಾಯ ಅಲ್ಲಿಂದಲೇ ಶುರುವಾಯಿತು.

ಆಗ ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ವಾರದಲ್ಲಿ ನಾಲ್ಕು ದಿನ ಅಲ್ಲಿ, ಉಳಿದ ದಿನ ಮನೆಯಲ್ಲಿ. ನಮ್ಮ ಮನೆ ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ಹೋಗುವ ಕಡೆ, ಕಿರಂಗೂರಿಗೆ ಹತ್ತಿರ. ನಾಲೆ ನೀರಿನ ಗದ್ದೆ, ಎರಡು ಸೀಮೆಹಸು. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ. ಅತ್ತಿಗೆಯ ತವರು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯ ಪಕ್ಕದ ಹಳ್ಳಿ. ಅಲ್ಲಿ ರಾಗಿ, ಹುರುಳಿ, ಕುರಿ. "ಮದ್ವೆ ಆಗೋಗಂಟ ನಾನು ಮಂಡಿಮಟ್ಟ ನೀರಲ್ಲಿ ನಿಂತೋಳೇ ಅಲ್ಲ ಕಣಮ್ಮಿ" ಎಂದು ನಗುತ್ತಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು. ಅಣ್ಣನಿಗಿಂತ ನನಗೇ ಹೆಚ್ಚು ಮಾತು ಹೇಳುತ್ತಿದ್ದಳು.

ಅವಳ ಮೊದಲ ಕೂಸು ಬೆನ್ನು ಮುಚ್ಚದೆ ಹುಟ್ಟಿತ್ತು. ಸೊಂಟದ ಮೇಲೆ ಚರ್ಮ ಇರಬೇಕಾದ ಕಡೆ ತೆರೆದ ಸೀಳು. ಎರಡನೆಯ ದಿನ ಹೋಯಿತು. ಗ್ರಹಣ ಹಿಡಿದಾಗ ಬಸುರಿ ಈಳಿಗೆಮಣೆ ಮುಟ್ಟಿದ್ದಳು, ಅದಕ್ಕೇ ಹೀಗಾಯಿತು ಎಂದು ಊರಿನ ಹೆಂಗಸರು ತೀರ್ಮಾನ ಕೊಟ್ಟರು. ನಾನು ಅವ್ವನ ಮೇಲೆ ರೇಗಿದೆ.

"ಗ್ರಹಣಕ್ಕೂ ಮಗು ಬೆನ್ನಿಗೂ ಏನವ್ವ ಸಂಬಂಧ?"

"ಅಂಗಾರೆ ನೀನೇ ಏಳು, ಓದ್ದೋಳಲ್ವಾ. ಯಾಕಾಯ್ತು?"

ಅದಾದ ಮೇಲೆ ನಾನು ಮೈಸೂರಿನ ನನ್ನ ಮೇಷ್ಟ್ರ ಹತ್ತಿರ ಹೋದಾಗಲೆಲ್ಲ ಜೆರಾಕ್ಸ್ ಕಾಗದಗಳನ್ನು ಹೊತ್ತು ತರತೊಡಗಿದೆ. ಕಪ್ಪೆಯ ಮೊಟ್ಟೆಯ ವಿಚಾರದಲ್ಲಿ ಆಗ ತಿಂಗಳಿಗೊಂದು ಹೊಸ ಸುದ್ದಿ ಬರುತ್ತಿತ್ತು. ಮೊದಲ ಕೆಲವು ಗಂಟೆ ಮೊಟ್ಟೆಯೊಳಗಿನ ಸ್ವಂತ ವಂಶವಾಹಿಗಳು ಸುಮ್ಮನೆ ಮಲಗಿರುತ್ತವೆ. ತಾಯಿ ತುಂಬಿಟ್ಟ ಬುತ್ತಿಯಲ್ಲೇ ಅದು ಎರಡಾಗಿ, ನಾಲ್ಕಾಗಿ, ಸಾವಿರಾರು ಕೋಶಗಳಾಗಿ ಒಡೆಯುತ್ತದೆ. ಆಮೇಲೆ ಆ ವಂಶವಾಹಿಗಳು ಏಳುತ್ತವೆ. ಒಂದು ಬದಿಯಲ್ಲಿ ಉಗುರಿನ ಗೀರಿನಂಥ ತುಟಿ ಮೂಡಿ ಕೋಶಗಳು ಒಳಕ್ಕೆ ಸರಿಯುತ್ತವೆ. ಆ ತುಟಿಯ ಜಾಗವೇ ಯಜಮಾನ. ಅದನ್ನು ಕತ್ತರಿಸಿ ಇನ್ನೊಂದು ಭ್ರೂಣದ ಹೊಟ್ಟೆಗೆ ಅಂಟಿಸಿದರೆ ಅಲ್ಲೂ ಒಂದು ಬೆನ್ನು, ಒಂದು ತಲೆ ಬೆಳೆಯುತ್ತದೆ. ಅದು ಪಕ್ಕದ ಕೋಶಗಳಿಗೆ ಏನು ಹೇಳುತ್ತದೆ ಎಂಬುದು ಆಗತಾನೆ ತಿಳಿಯುತ್ತಿತ್ತು. ಮಿದುಳಾಗು ಎಂದು ಹೇಳುವುದಿಲ್ಲವಂತೆ. ಚರ್ಮವಾಗು ಎನ್ನುವ ಇನ್ನೊಂದು ಸಂಕೇತವನ್ನು ಅಡ್ಡಗಟ್ಟುತ್ತದಂತೆ, ಅಷ್ಟೆ. ಅಡ್ಡಗಟ್ಟಿದ ಕಡೆ ನರದ ಹಾಳೆ ಉಳಿಯುತ್ತದೆ. ಆ ಹಾಳೆಯ ಎರಡು ಅಂಚು ಮೇಲೆದ್ದು, ಕರ್ಜಿಕಾಯಿಯ ಬಾಯಿ ಒತ್ತಿದಂತೆ ಕೂಡಿಕೊಂಡು ಕೊಳವೆಯಾಗುತ್ತದೆ. ಕೂಡಿಕೊಳ್ಳದಿದ್ದರೆ ಬೆನ್ನು ತೆರೆದೇ ಇರುತ್ತದೆ.

ಇದನ್ನು ನಡೆಸುವ ವಂಶವಾಹಿಗಳಲ್ಲಿ ಹಲವು ಕಪ್ಪೆಯಲ್ಲೂ ಮನುಷ್ಯನಲ್ಲೂ ಹೆಚ್ಚುಕಡಿಮೆ ಒಂದೇ ಎಂದು ಮೇಷ್ಟ್ರು ಹೇಳಿದ ದಿನ ನಾನು ಬಸ್ಸಿನಲ್ಲಿ ಕಿಟಕಿಯ ಆಚೆ ಏನನ್ನೂ ನೋಡದೆ ಊರಿಗೆ ಬಂದೆ.

ಮೊದಲ ಕೂಸು ಹೋದ ಎರಡು ವರ್ಷಕ್ಕೆ ಅತ್ತಿಗೆಗೆ ಮತ್ತೆ ನಿಂತಿತು. ಮುಂಗಾರಿನ ನಾಟಿಯ ಕಾಲ. ಒಂದೂವರೆ ತಿಂಗಳಾಗಿದೆ ಎಂದು ನನಗೆ ಮೊದಲು ಹೇಳಿದಳು. ಅದೇ ಉಸಿರಿನಲ್ಲಿ ಇನ್ನೊಂದು ಮಾತು ಹೇಳಿದಳು: ಅಣ್ಣ ಬತ್ತದ ಸಸಿಮಡಿಗೆ ಹುಳ ಕೊಲ್ಲುವ ಹರಳು ಔಷಧಿ ಎರಚಿದ್ದ. ಅವಳು ಹಿಂದಿನ ವಾರ ಅದೇ ನೀರಿನಲ್ಲಿ ಪೈರು ಕೀಳುತ್ತ ಮೂರು ದಿನ ಬೆಳಗಿನಿಂದ ಸಂಜೆವರೆಗೆ ನಿಂತಿದ್ದಳು. "ಕೈಯೆಲ್ಲ ಉರೀತಾ ಇತ್ತು ಕಣಮ್ಮಿ. ಏನೂ ಆಗಕಿಲ್ಲ ಅಲ್ವಾ?"

ಆಗುವುದಿಲ್ಲ ಎಂದೆ. ಆದರೆ ನನಗೆ ನಿದ್ದೆ ಬರಲಿಲ್ಲ.

ಶನಿವಾರ ಇರುಳೆಲ್ಲ ಮಳೆ ಸುರಿದು ಕಪ್ಪೆಗಳು ಕೂಗಿದವು. ಭಾನುವಾರ ನಸುಕಿಗೆ ನಾನು ಬಕೆಟ್ಟು ಹಿಡಿದು ಆ ಸಸಿಮಡಿಗೇ ಹೋದೆ. ಮೂಲೆಯಲ್ಲಿ ಲೋಳೆಯ ಮುದ್ದೆಯಂತೆ ಮೊಟ್ಟೆಗಳು, ಮೇಲೆ ಕಪ್ಪು, ಕೆಳಗೆ ಕೆನೆಬಣ್ಣ. ಅಲ್ಲಿಯ ನೀರಿನ ಸಮೇತ ತುಂಬಿಕೊಂಡು ಬಂದು ಜಗಲಿಯ ಮೇಲೆ ನಾಲ್ಕು ಪಿಂಗಾಣಿ ಬಟ್ಟಲು ಇಟ್ಟೆ. ಕೆಸರು ನೀರಿನಲ್ಲಿ ಭೂತಗನ್ನಡಿಗೆ ಏನೂ ಕಾಣುವುದಿಲ್ಲ, ತಿಳಿನೀರು ಬೇಕಾಗಿತ್ತು.

"ನಲ್ಲಿ ನೀರು ಬ್ಯಾಡ, ಬ್ಲೀಚಿಂಗ್ ವಾಸ್ನೆ ಒಡೀತದೆ" ಎಂದಳು ಅವ್ವ. "ತಾಮ್ರದ ಬಿಂದ್ಗೇಲಿ ಐತೆ ನೋಡು, ನೆನ್ನೆ ಉಣಿಸೇಹಣ್ಣಲ್ಲಿ ತಿಕ್ಕಿ ತುಂಬಿಟ್ಟಿವ್ನಿ. ಅದಕ್ಕಿಂತ ಒಳ್ಳೆ ನೀರು ಎಲ್ಲೈತೆ?"

ನನಗೂ ಅದೇ ಸರಿ ಅನ್ನಿಸಿ, ಬಟ್ಟಲುಗಳಿಗೆ ಆ ನೀರು ತುಂಬಿ ಒಂದಿಷ್ಟು ಮೊಟ್ಟೆ ಬಿಟ್ಟೆ. ಹುಟ್ಟಿದಾಗಿನಿಂದ ನಾವು ಕುಡಿದದ್ದು ಅದೇ ನೀರು.

ಡೈರಿಗೆ ಹಾಲು ಹಾಕಿ ಬಂದ ಅಣ್ಣ ಜಗಲಿಯಲ್ಲಿ ನಿಂತು ನೋಡಿದ. "ಏನಮ್ಮಿ, ಎಂ.ಎಸ್ಸಿ. ಓದಿ ಕೊನೀಗೆ ಕಪ್ಪೆ ಬಾಣಂತನಕ್ಕೆ ಬಂದ್ಯಾ?" ಅತ್ತಿಗೆ ಒಳಗಿಂದಲೇ, "ನಿಮ್ ಸೀಮೆಅಸೀಗೆ ಆರೈಕೆ ಮಾಡೋದ್ಕಿಂತ ಮೇಲು ಬುಡಿ" ಎಂದಳು. ಎಲ್ಲರೂ ನಕ್ಕೆವು. ಆ ಮನೆಯಲ್ಲಿ ಆಮೇಲೆ ಬಹಳ ದಿನ ಯಾರೂ ಹಾಗೆ ನಗಲಿಲ್ಲ.

ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿಯೇ ಇದ್ದ ಹಾಗಿತ್ತು. ಸಂಜೆ ನರದ ಹಾಳೆಯ ಅಂಚುಗಳು ಎದ್ದವು, ಆದರೆ ಕೂಡಲಿಲ್ಲ. ಒಂದು ಬಟ್ಟಲಲ್ಲಿ ಹಾಗೆ, ಎರಡನೆಯದರಲ್ಲಿ ಹಾಗೆ, ನಾಲ್ಕರಲ್ಲೂ ಹಾಗೆ. ಪುಟ್ಟ ಬೆನ್ನುಗಳು ಬಾಯಿ ಬಿಟ್ಟುಕೊಂಡೇ ಉಳಿದವು. ಅತ್ತಿಗೆ ಯಾವಾಗ ಬಂದು ಪಕ್ಕದಲ್ಲಿ ಕೂತಿದ್ದಳೋ ಗೊತ್ತಿಲ್ಲ. ಭೂತಗನ್ನಡಿ ತೆಗೆದುಕೊಂಡು ನೋಡಿದಳು.

"ಇದು ಮುಚ್ಕೊಳಾಕಿಲ್ವಾ?"

"ಇಷ್ಟೊತ್ತಿಗೆ ಮುಚ್ಕೋಬೇಕಾಗಿತ್ತು."

"ಯಾಕೆ ಮುಚ್ಕೊಂಡಿಲ್ಲ?"

ಗೊತ್ತಿಲ್ಲ ಎಂದು ಹೇಳಬಹುದಾಗಿತ್ತು. ನಾಳೆ ನೋಡೋಣ ಎನ್ನಬಹುದಾಗಿತ್ತು. ಈ ಜಾಗಕ್ಕೆ ನಾನು ಎಷ್ಟು ಸಲ ಹಿಂತಿರುಗಿ ಹೋಗಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನನ್ನ ಬಾಯಿಂದ ಅದೇ ಮಾತು ಬರುತ್ತದೆ.

"ಔಷಧಿ ನೀರೇ ಇರ್ಬೇಕು ಅತ್ಗೆ. ನಾನು ತರೋ ಮೊದ್ಲೇ, ಮೊದಲ ಕೆಲವು ಗಂಟೇಲೇ ಕೆಟ್ಟಿದೆ."

ಅವಳು ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟಳು. "ನಾನೂ ಅದ್ರಲ್ಲೇ ಅಲ್ವಾ ನಿಂತಿದ್ದು."

ಸೋಮವಾರ ಬಟ್ಟಲುಗಳಲ್ಲಿ ಎಲ್ಲವೂ ಸೊಟ್ಟಗಾಗಿ ಬೆಳ್ಳಗೆ ಬಿಳುಚಿ ಸತ್ತಿದ್ದವು. ಮಧ್ಯಾಹ್ನ ಅತ್ತಿಗೆ ಅವ್ವನ ಎದುರು ಕೂತು ಹೇಳಿದಳು: "ಇನ್ನೊಂದ್ನ ಎತ್ತು ಮಣ್ಣು ಮಾಡಾಕೆ ನನ್ ಕೈಲಾಗಾಕಿಲ್ಲ ಅತ್ತೆಮ್ಮ. ತೆಗೆಸ್ಬುಡ್ತೀನಿ." ಅಣ್ಣ ಎದ್ದು ಹಟ್ಟಿಗೆ ಹೋದ. ಅವ್ವ ನನ್ನ ಮುಖ ನೋಡಿದಳು. ಗ್ರಹಣದ ಮಾತಿಗೆ ಬೈದವಳು ನಾನು, ಈಗ ಅವಳು ನನ್ನ ತೀರ್ಪಿಗೆ ಕಾದಿದ್ದಳು. ನಾನು ಬೇಡ ಅನ್ನಲಿಲ್ಲ. ಪಾಂಡವಪುರದ ಡಾಕ್ಟರಮ್ಮನಿಗೆ ಕೊಡಲು ಒಂದು ಚೀಟಿಯನ್ನೂ ಬರೆದೆ. ಮೊದಲ ಮಗುವಿನ ಬೆನ್ನು, ಔಷಧಿಯ ನೀರು, ಗದ್ದೆಯ ಕಪ್ಪೆ ಮೊಟ್ಟೆಗಳಲ್ಲಿ ಕಂಡ ದೋಷ, ಎಲ್ಲವನ್ನೂ ಒಳ್ಳೆ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಹೆಸರಿನ ಮುಂದೆ ಡಿಗ್ರಿ ಬರೆದೆ.

ಮಂಗಳವಾರ ಅವ್ವ, ಅತ್ತಿಗೆ ಮೊದಲ ಬಸ್ಸಿಗೆ ಹೋದರು. ಅವರು ಹೋಗಿ ಒಂದು ಗಂಟೆಯಾದ ಮೇಲೆ ಬಟ್ಟಲುಗಳನ್ನು ತೊಳೆಯಲು ಒಗೆಯುವ ಕಲ್ಲಿನ ಹತ್ತಿರ ಹೋದೆ. ಭಾನುವಾರ ಮೊಟ್ಟೆ ತಂದ ಬಕೆಟ್ಟು ಅಲ್ಲೇ ಇತ್ತು. ಹೆಚ್ಚಾಗಿ ಉಳಿದದ್ದನ್ನು ಅದರಲ್ಲೇ ಬಿಟ್ಟು ಮರೆತಿದ್ದೆ. ನೀರು ಚೆಲ್ಲಲು ಬಗ್ಗಿಸಿದೆ. ಒಳಗೆ ಏನೋ ಸರಕ್ಕೆಂದು ಸರಿಯಿತು.

ಗೊದಮೊಟ್ಟೆ ಮರಿಗಳು. ನೂರಾರು. ಎಳ್ಳುಕಾಳಿಗೆ ಬಾಲ ಬಂದ ಹಾಗೆ, ಒಂದೊಂದೂ ನೆಟ್ಟಗೆ. ಅದೇ ಮುದ್ದೆಯ ಮೊಟ್ಟೆಗಳು. ಅದೇ ಸಸಿಮಡಿಯ ಔಷಧಿ ನೀರು. ಎರಡು ದಿನ ಅದರಲ್ಲೇ ಇದ್ದು ಬೆನ್ನು ಮುಚ್ಚಿಕೊಂಡು, ಮೊಟ್ಟೆಯಿಂದ ಹೊರಗೆ ಬಂದು ಈಜುತ್ತಿದ್ದವು. ಸತ್ತದ್ದು ನಾನು ಒಳ್ಳೆಯ ನೀರಿಗೆ ಹಾಕಿದವು ಮಾತ್ರ.

ಅಲ್ಲಿಂದ ಕಾಣುವಂತೆ ಅಡುಗೆಮನೆಯ ಬಾಗಿಲಲ್ಲಿ ಬಿಂದಿಗೆ ಫಳಫಳ ಹೊಳೆಯುತ್ತಿತ್ತು. ಹುಳಿ ಹಾಕಿ ತಿಕ್ಕಿದ ತಾಮ್ರ. ಪಾಚಿ ಕೊಲ್ಲಲು ಕೆರೆಗೆ ಹಾಕುವ ಮೈಲುತುತ್ತದಲ್ಲಿ ಇರುವುದೂ ಅದೇ ತಾಮ್ರ. ನಮಗೆ ಏನೂ ಮಾಡದಷ್ಟು ತಾಮ್ರ ಮೀನುಮರಿಗೆ, ಕಪ್ಪೆಯ ಭ್ರೂಣಕ್ಕೆ ವಿಷ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮನೆಯ ಬಿಂದಿಗೆಯನ್ನು ಅದರ ಜೊತೆ ಸೇರಿಸಿ ಯೋಚಿಸಿರಲಿಲ್ಲ, ಅಷ್ಟೆ.

ಅಣ್ಣ ಹಸುವಿಗೆ ಹುಲ್ಲು ಹಾಕುತ್ತಿದ್ದ. ನಾನು ಏನು ಕೂಗಿದೆನೋ ನೆನಪಿಲ್ಲ, ಅವನು ಮೊಪೆಡ್ ತೆಗೆದ. ದಾರಿಯಲ್ಲಿ ಹಿಂದೆ ಕೂತು ಬಡಬಡಿಸಿದ್ದನ್ನೆಲ್ಲ ಕೇಳಿ ಒಂದೇ ಮಾತು ಹೇಳಿದ. "ಮೊನ್ನೆ ನನ್ ಗದ್ದೆ ವಿಷ ಅಂದೆ. ಈಗ ಬಿಂದ್ಗೆ ವಿಷ ಅಂತೀಯ. ಯಾವ್ದಾರ ಒಂದ್ ಮಾತಿನ್ ಮೇಲೆ ನಿಂತ್ಕಳಮ್ಮಿ."

ರೈಲ್ವೆ ಗೇಟು ಹಾಕಿತ್ತು. ಕಬ್ಬಿನ ಗಾಡಿಗಳು, ಟ್ರಾಕ್ಟರುಗಳು ಸಾಲುಗಟ್ಟಿ ನಿಂತು ಮೊಪೆಡ್ಡಿಗೂ ಜಾಗವಿರಲಿಲ್ಲ. ನಾನು ಇಳಿದು ಗೇಟಿನ ಕೆಳಗೆ ನುಸುಳಿದೆ. "ಸಾಯ್ತೀಯ ಕಣಮ್ಮಿ, ಗಾಡಿ ಬತ್ತಾ ಐತೆ!" ಎಂದು ಯಾರೋ ಕೂಗಿದರು. ಹಳಿ ದಾಟಿ ಓಡಿದೆ. ಬೆನ್ನ ಹಿಂದೆ ರೈಲು ಹೋಯಿತು. ಎಷ್ಟು ಹಿಂದೆ ಎಂದು ತಿರುಗಿ ನೋಡಲಿಲ್ಲ. ಆಚೆ ಒಂದು ಆಟೋ ಸಿಕ್ಕಿತು.

ನರ್ಸಿಂಗ್ ಹೋಮಿನ ಬಾಗಿಲಲ್ಲಿ ನನ್ನ ಕಾಲು ನಿಂತುಬಿಟ್ಟಿತು. ಒಳಗೆ ಹೋದರೆ ಬೆಂಚು ಖಾಲಿ ಇರುತ್ತದೆ ಎಂದು ನನಗೆ ಖಂಡಿತ ಅನ್ನಿಸಿತ್ತು. ಈಗಲೂ ಕನಸಿನಲ್ಲಿ ಅದು ಖಾಲಿಯೇ ಇರುತ್ತದೆ.

ಅವ್ವ, ಅತ್ತಿಗೆ ಕೂತಿದ್ದರು. ಅತ್ತಿಗೆಯ ಕೈಯಲ್ಲಿ ಚೀಟಿ ಇತ್ತು. ಡಾಕ್ಟರಮ್ಮ ಬೆಳಗಿನಿಂದ ಒಂದು ಕಷ್ಟದ ಹೆರಿಗೆಯಲ್ಲಿ ಸಿಕ್ಕಿಕೊಂಡಿದ್ದರು. ಯಾರೋ ಗುರುತಿಲ್ಲದ ಹೆಂಗಸಿನ ಕೂಸು ಹೊರಬರಲು ತಡಮಾಡಿತ್ತು, ಅದರಿಂದ ನಮ್ಮದು ಉಳಿದಿತ್ತು. ನನ್ನ ಓಟದಿಂದಲ್ಲ.

ನಾನು ಉಸಿರು ಬಿಡುತ್ತ ಹೇಳಿದ್ದನ್ನು ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಕೇಳಿದರು. ಚೀಟಿ ಓದಿದರು.

"ಕಪ್ಪೆ ನೋಡ್ಕೊಂಡು ಹೆಂಗಸಿಗೆ ಚೀಟಿ ಬರೆದ್ರೇನ್ರೀ ನೀವು?"

"ತಪ್ಪಾಯ್ತು ಮೇಡಂ. ಬರೀ ಚೀಟಿ ನೋಡಿ ನೀವು ತೆಗೀತಾ ಇರ್ಲಿಲ್ಲ ಅಲ್ವಾ?"

ಅವರು ಚೀಟಿಯನ್ನು ಮಡಿಸಿ ಮೇಜಿನ ಮೇಲಿಟ್ಟರು. "ಮೊದಲ್ನೇದು ಹಂಗಾಗಿದೆ. ತಾಯಿ ಬೇಡ ಅಂತಾಳೆ. ಓದಿರೋರು ಬರೆದಿದಾರೆ. ಏನ್ಮಾಡ್ತಿದ್ದೆನೋ, ನಂಗೇ ಗೊತ್ತಿಲ್ಲ."

ಆಮೇಲೆ ಅತ್ತಿಗೆಗೆ ಮಾತ್ರೆ ಬರೆದುಕೊಟ್ಟರು. ಇಂಥ ಮಗು ಒಮ್ಮೆ ಆಗಿದ್ದರೆ ಫೋಲಿಕ್ ಆಸಿಡ್ ಮಾತ್ರೆಯನ್ನು ಬಸಿರು ನಿಲ್ಲುವ ಮೊದಲಿನಿಂದಲೇ ತೆಗೆದುಕೊಳ್ಳಬೇಕಾಗಿತ್ತು, ಯಾರೂ ಹೇಳಲಿಲ್ಲವಾ ಎಂದು ಕೇಳಿದರು. ಯಾರೂ ಹೇಳಿರಲಿಲ್ಲ. ಸಂಕೇತಗಳ ಬಗ್ಗೆ ಕಟ್ಟು ಕಟ್ಟು ಕಾಗದ ಓದಿದ್ದ ನಾನು ಆ ಸಣ್ಣ ಮಾತ್ರೆಯ ಬಗ್ಗೆ ಒಂದು ಸಾಲೂ ಓದಿರಲಿಲ್ಲ. ಈಗ ಕೊಟ್ಟರೂ ಬೆನ್ನಿನ ಮಟ್ಟಿಗೆ ಸಮಯ ಮೀರಿದೆ, ಆದರೂ ನುಂಗಲಿ ಎಂದರು.

ಬಸಿರು ಉಳಿಸಿಕೊಳ್ಳುವ ನಿರ್ಧಾರವನ್ನೂ ಅತ್ತಿಗೆಯೇ ಮಾಡಿದಳು, ಆ ಬೆಂಚಿನ ಮೇಲೇ. ಅದು ಧೈರ್ಯವಾಗಿರಲಿಲ್ಲ. "ನಡೀರಿ, ಮನೀಗೋಗವ" ಎಂದಳು, ಅಷ್ಟೆ. ಉಳಿದ ತಿಂಗಳುಗಳನ್ನು ನಾವು ಹೇಗೆ ಕಳೆದೆವೋ. ಐದನೆಯ ತಿಂಗಳಲ್ಲಿ ಮೈಸೂರಿನಲ್ಲಿ ಸ್ಕ್ಯಾನ್ ಮಾಡಿ, ಕಾಣುವ ಮಟ್ಟಿಗೆ ಸರಿ ಇದೆ ಎಂದರು. ಅತ್ತಿಗೆ "ಕಾಣದ ಮಟ್ಟಿಗೆ?" ಎಂದು ನನ್ನನ್ನು ಕೇಳಿದಳು. ಔಷಧಿ ನಿರಪರಾಧಿ ಎಂದು ಹೇಳುವ ಯೋಗ್ಯತೆಯೂ ನನಗಿರಲಿಲ್ಲ. ಬಕೆಟ್ಟಿನ ಮರಿಗಳು ಬದುಕಿದ್ದು ಕಪ್ಪೆಯ ಸುದ್ದಿ, ಅದೂ ಒಂದು ಬಕೆಟ್ಟಿನದು. ಅಣ್ಣ ಮಾತ್ರ ಆ ವರ್ಷದಿಂದ ಔಷಧಿ ಎರಚಿದ ಮಡಿಗೆ ತಾನೊಬ್ಬನೇ ಇಳಿದು ಪೈರು ಕಿತ್ತ. ಯಾಕೆ ಎಂದು ಯಾರಿಗೂ ಹೇಳಲಿಲ್ಲ.

ಹೆರಿಗೆ ತವರಿನ ಕಡೆ, ನಾಗಮಂಗಲದ ಆಸ್ಪತ್ರೆಯಲ್ಲಿ ಆಯಿತು. ಸುದ್ದಿ ಬಂದಾಗ ನಾನು ಕೆ.ಆರ್. ಪೇಟೆಯಲ್ಲಿದ್ದೆ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದಷ್ಟೇ ಫೋನಿನಲ್ಲಿ ಹೇಳಿದ್ದರು. ಬಸ್ಸಿನುದ್ದಕ್ಕೂ ಆ ಮಾತನ್ನು ನಂಬಲು ನೋಡಿದೆ, ಆಗಲಿಲ್ಲ.

ಅತ್ತಿಗೆ ಮಂಚದ ಮೇಲೆ ಒರಗಿದ್ದಳು. ಬಾ ಅನ್ನಲಿಲ್ಲ. ಕೂಸಿನ ಮೇಲಿನ ಬಟ್ಟೆ ಬಿಚ್ಚಿ, ಅದನ್ನು ತನ್ನ ಮೊಣಕೈ ಮೇಲೆ ಬೋರಲು ಮಲಗಿಸಿ ನನ್ನ ಕಡೆ ತಿರುಗಿಸಿದಳು. ಕತ್ತಿನಿಂದ ಸೊಂಟದವರೆಗೆ ನುಣ್ಣನೆಯ ಕೆಂಪು ಬೆನ್ನು, ನಡುವೆ ನೆಟ್ಟಗೆ ಒಂದು ತಗ್ಗು. ಎಲ್ಲೂ ಸೀಳಿರಲಿಲ್ಲ. ನನ್ನ ಬೆರಳು ತಾನಾಗಿ ಮುಂದೆ ಹೋಯಿತು. ಅದು ಮುಟ್ಟುವ ಮೊದಲೇ ಅವಳು ಬಟ್ಟೆ ಎಳೆದು ಮುಚ್ಚಿದಳು.

"ನೋಡ್ದಲ್ಲ, ಸಾಕು" ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. "ಇನ್ಮ್ಯಾಕೆ ನೀನು ಕಂಡಿದ್ದನ್ನೆಲ್ಲ ನನ್ ತಾವ ಏಳ್ಬ್ಯಾಡ ಕಣಮ್ಮಿ. ನಾನು ನಂಬ್ಬುಡ್ತೀನಿ."