ಮೊದಲ ಸಾಲು ಎತ್ತಿದವರು ಯಾರು

ನಾವು ನಾಲ್ವರು ಹಾಡುತ್ತಿದ್ದುದು ಕೊಟ್ಟೂರಿನ ಒಂದು ಕ್ಷೌರದಂಗಡಿಯಲ್ಲಿ, ಮಂಗಳವಾರ. ಅಂದು ಅಂಗಡಿಗೆ ರಜೆ. ಬಾಗಿಲು ಅರ್ಧ ಮುಚ್ಚಿ, ತಿರುಗುವ ಕುರ್ಚಿಗಳಲ್ಲಿ ಇಬ್ಬರು, ಗಿರಾಕಿಗಳ ಬೆಂಚಿನ ಮೇಲೆ ಇಬ್ಬರು ಕೂರುತ್ತಿದ್ದೆವು. ಎಪ್ಪತ್ತರ ದಶಕದ ಕೊನೆ ಇರಬೇಕು. ಬೆಂಚು ಹಸಿರು ಬಣ್ಣದ್ದೆಂದು ನನಗೆ ನೆನಪು. ಆದರೆ ಆ ಕಾಲದ ನನ್ನ ನೆನಪಿನ ಬೆಂಚುಗಳೆಲ್ಲ ಹಸಿರೇ, ಹಾಗಾಗಿ ಇದನ್ನು ನಂಬಬೇಕಿಲ್ಲ.

ಯಾರೂ ಸಂಗೀತ ಕಲಿತವರಲ್ಲ. ಅಂಗಡಿಯವನ ಮನೆತನದವರು ಮದುವೆಗಳಲ್ಲಿ ಸನಾದಿ ಊದುತ್ತಿದ್ದರು. ಅವನು ಊದುವುದನ್ನು ಬಿಟ್ಟಿದ್ದರೂ ಹಾಡುವಾಗ ಕೆನ್ನೆ ಉಬ್ಬಿಸುತ್ತಿದ್ದ, ಉಸಿರು ಮುಗಿಯುತ್ತಲೇ ಇರಲಿಲ್ಲ. ಹರಪನಹಳ್ಳಿಯ ಬಸ್ ಕಂಡಕ್ಟರ್ ಮೊಹರಂ ಪದಗಳನ್ನು ಹಾಡಿ ಬೆಳೆದವನು. ಯಾವ ಹಾಡಿಗೂ ಅವನಿಗೆ ಹೆಜ್ಜೆ ಬೇಕು. ಕೂತಲ್ಲೇ ಕಾಲು ಕುಣಿಸಿ ಬೆಂಚು ಅಲುಗಿಸುತ್ತಿದ್ದ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಧಾರವಾಡದ ಹಾಸ್ಟೆಲಿನಲ್ಲಿ ರೇಡಿಯೋ ಕೇಳಿ ಕಲಿತದ್ದು, ಜೊತೆಗೊಂದು ಹಳೆಯ ಹಾರ್ಮೋನಿಯಂ, ಇಷ್ಟೇ ನನ್ನ ಬಂಡವಾಳ.

ನಾಲ್ಕನೆಯವರು ಹಿರೇಹಡಗಲಿಯ ಒಬ್ಬ ಹಿರಿಯರು. ಮಲ್ಲಿಗೆ ಮೊಗ್ಗಿನ ಬುಟ್ಟಿ ಬಸ್ಸಿಗೆ ಹಾಕಿಕೊಂಡು ಬಂದು, ಮಾರಿ ಮುಗಿಸಿ, ಅಂಗಡಿಗೆ ಬರುತ್ತಿದ್ದರು. ಹರೆಯದಿಂದಲೂ ದೊಡ್ಡಾಟದ ಹಿಮ್ಮೇಳದಲ್ಲಿದ್ದವರು. ವೇಷದವನು ಸಾಲು ಹಾಡಿ ಮುಗಿಸುತ್ತಿದ್ದಂತೆ ಅದರ ತುದಿ ಹಿಡಿದು ಮೇಲಕ್ಕೆಳೆಯುವುದು ಅವರ ಕೆಲಸ.

ತೊಂದರೆ ಅದೇ. ನಮ್ಮೊಡನೆ ಹಾಡುವಾಗಲೂ ಅವರು ಮೊದಲ ಸಾಲಿಗೆ ಬಾಯಿ ತೆರೆಯುತ್ತಿರಲಿಲ್ಲ. ನಾವು ಮೂವರು ಮುಗಿಸುವ ಹೊತ್ತಿಗೆ ಎಲ್ಲಿಂದಲೋ ಎದ್ದು ಬರುತ್ತಿದ್ದರು, ಅದೂ ಬಯಲಿನ ಕೊನೆಯಲ್ಲಿ ಕೂತವನಿಗೆ ಕೇಳುವ ಎತ್ತರದಲ್ಲಿ.

"ಯಜಮಾನ್ರ, ಬಸ್ ಬಿಟ್ಟ ಮ್ಯಾಲ ಓಡಿ ಬಂದು ಹತ್ತತೀರಲ್ರಿ," ಎಂದು ಕಂಡಕ್ಟರ್ ಕಾಡಿಸುತ್ತಿದ್ದ.

"ಹತ್ತತೀನೋ ಇಲ್ಲೋ? ಅಷ್ಟ ನೋಡಲೇ ತಮ್ಮಾ," ಎನ್ನುತ್ತಿದ್ದರು.

ಒಂದು ಮಂಗಳವಾರ ಅವರು ಹಾಡಲಿಲ್ಲ. ಮಗಳ ಮದುವೆ ಗೊತ್ತಾಗಿತ್ತು, ಹಗರಿಬೊಮ್ಮನಹಳ್ಳಿಯ ಗಂಡು. ಅಲ್ಲಿ ನಾವು ನಾಲ್ವರೂ ಹಾಡಬೇಕೆಂದರು. ಆಮೇಲೆ ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ ಹೇಳಿದರು:

"ಒಂದು ಪದ ನಾ ಎತ್ತತೀನಿ. ಮಗಳು ಕೇಳ್ಯಾಳ. ಅಪ್ಪಾ, ನೀ ಬರೇ ಮಂದಿ ಹಾಡಿನ ಬಾಲ ಹಿಡಕೊಂಡು ಬಂದಿ, ನನ್ನ ಮದುವ್ಯಾಗರ ಮೊದಲ ಹಾಡು ಅಂತಾಳ."

ಕೆಲವು ವಾರ ಅದನ್ನೇ ಅಭ್ಯಾಸ ಮಾಡಿದೆವು. ನಾನು ಶ್ರುತಿ ಹಿಡಿಯುವುದು, ಅವರು ಉಸಿರೆಳೆದುಕೊಂಡು ಕಾಯುವುದು. ಯಾರಿಗಾಗಿ ಕಾಯುತ್ತಿದ್ದೇನೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಬೇಸರವಾಗಿ ಅಂಗಡಿಯವನು ಸಾಲು ಹಾಡಿಬಿಡುತ್ತಿದ್ದ. ಅವರು ತಕ್ಷಣ ತುದಿ ಎತ್ತಿಕೊಳ್ಳುತ್ತಿದ್ದರು. ಮತ್ತೆ ಮೊದಲಿನಿಂದ. ಹಾಡು ಇಷ್ಟು ದಣಿಸಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಮದುವೆಯ ದಿನ ಊಟದ ಪಂಕ್ತಿ ಕೂತಾಗ ಮೈಕನ್ನು ಅವರ ಮುಂದಿಟ್ಟರು. ಮಗಳು ಬೀಗರ ನಡುವೆ ಕೂತು ಇತ್ತಲೇ ನೋಡುತ್ತಿದ್ದಳು. ಅಂಗಡಿಯವನು ಎಲ್ಲಿ ಹಾಡಿಬಿಡುತ್ತೇನೋ ಎಂಬ ಭಯಕ್ಕೆ ಬೇಕೆಂದೇ ಬಾಯಿತುಂಬ ಎಲೆಅಡಿಕೆ ತುಂಬಿಕೊಂಡಿದ್ದ. ನಾನು ಶ್ರುತಿ ಹಿಡಿದೆ. ಅವರು ಉಸಿರೆಳೆದುಕೊಂಡರು. ಹಾರ್ಮೋನಿಯಂ ತಿದಿ ಒಮ್ಮೆ ಪೂರ್ತಿ ಖಾಲಿಯಾಯಿತು. ಸಾರು ಬಡಿಸುವವನು ನಿಂತು ನೋಡಿದ. ಆಮೇಲೆ ಹಾಡು ಶುರುವಾಯಿತು.

ಶುರು ಮಾಡಿದವರು ಯಾರು? ನನ್ನ ನೆನಪಿನಲ್ಲಿ ಅವರೇ. ಒಡೆದ, ತಗ್ಗಿದ ದನಿ, ಅವರದಲ್ಲವೇನೋ ಎಂಬಂಥದ್ದು. ಕಂಡಕ್ಟರ್ ಇಂದಿಗೂ ಒಪ್ಪುವುದಿಲ್ಲ. "ನೀವೇ ರೀ ಸರ, ತಡೀಲಾರದ ಮೊದಲ ಸಾಲು ಅಂದುಬಿಟ್ರಿ. ನಿಮ್ಮ ದನಿ ನನಗ ಗೊತ್ತಿಲ್ಲೇನು?" ಎನ್ನುತ್ತಾನೆ. ಒಡೆದ ದನಿ ಎಂಬ ವಿವರ ನನ್ನ ಗಂಟಲಿಗೇ ಹೆಚ್ಚು ಹೊಂದುತ್ತದೆ, ನಿಜ. ಅಂಗಡಿಯವನನ್ನು ಕೇಳಿದರೆ, ಉಗುಳಲು ಎದ್ದು ಹೋಗಿದ್ದೆ ಎನ್ನುತ್ತಾನೆ.

ಹೊರಡುವಾಗ ಅವರು ಬಸ್ ನಿಲ್ದಾಣದವರೆಗೆ ನಮ್ಮೊಡನೆ ಬಂದರು.

"ಎತ್ತಿದ್ನಲ್ರಿ?" ಎಂದು ಕೇಳಿದರು.

ಕಂಡಕ್ಟರ್ ನನ್ನ ಮುಖ ನೋಡಿ, "ಎತ್ತಿದ್ರಿ ಯಜಮಾನ್ರ," ಎಂದ.

"ಮಗಳು ಏನಂದಳು?" ಎಂದು ನಾನು ಕೇಳಿದೆ.

"ಅಳಾಕ ಹತ್ತಿದ್ಲು. ಹಾಡು ಕೇಳಿ ಅಳತಾಳೋ, ಗಂಡನ ಮನಿ ನೆನಸಿ ಅಳತಾಳೋ, ನಾ ಕೇಳಲಿಲ್ಲ."

ಮುಂದಿನ ಮಂಗಳವಾರ ಮೊದಲ ಸಾಲನ್ನು ಅವರಿಗೆ ಬಿಟ್ಟು ಸುಮ್ಮನೆ ಕೂತೆವು.

"ಬ್ಯಾಡ್ರಿ, ನೀವೇ ಅನ್ರಿ," ಎಂದು ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. "ಮುಂದ ನಿಂತರ ಯಾರು ಹಾಡ್ಯಾರ ಅನ್ನೋದ ಗೊತ್ತಾಗಂಗಿಲ್ಲ."